ಮನೆಮಂದಿ ಕಟ್ಟುವ ಪುಟ್ಟ ಕಾರು: ಸ್ನ್ಯಾಪ್ ಕಿಟ್ಟೋ, ಅಂಟಿನ ಕಿಟ್ಟೋ?

ಮಗುವಿಗೆ ಎಂಟೋ ಒಂಬತ್ತೋ ವಯಸ್ಸಾದರೆ ಹೆಚ್ಚು ಯೋಚಿಸಬೇಡಿ, ಸ್ನ್ಯಾಪ್ ಕಿಟ್ ತನ್ನಿ. ಭಾಗಗಳನ್ನು ಒತ್ತಿದರೆ ಟಕ್ಕೆಂದು ಕೂರುತ್ತವೆ. ಅಂಟು ಬೇಡ, ಎಷ್ಟೋ ಕಿಟ್‌ಗಳಲ್ಲಿ ಪ್ಲಾಸ್ಟಿಕ್ಕಿಗೇ ಬಣ್ಣವಿರುತ್ತದೆ. ಒಂದು ಭಾನುವಾರದಲ್ಲಿ ಮುಗಿದೀತು.

ಅಂಟಿನ ಕಿಟ್ಟಿನ ರುಚಿಯೇ ಬೇರೆ. ಇಲ್ಲಿನ ಅಂಟು ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ತುಸು ಕರಗಿಸಿ ಎರಡು ಭಾಗಗಳನ್ನು ಒಂದಾಗಿಸುತ್ತದೆ. ಹಾಗಾಗಿ ತಪ್ಪಿ ಅಂಟಿಸಿದರೆ ಬಿಡಿಸುವುದು ಕಷ್ಟ; ಆ ಕೆಲಸ ದೊಡ್ಡವರದೇ ಇರಲಿ, ಕಿಟಕಿಯೂ ತೆರೆದಿರಲಿ. ಜಪಾನಿನ ಕಿಟ್ ಕಂಪನಿ ತಾಮಿಯಾದ ಕಾರುಗಳು ಹೆಚ್ಚಾಗಿ 1/24 ಅಳತೆಯವು: ನಾಲ್ಕು ಮೀಟರಿನ ಕಾರು ಸುಮಾರು 17 ಸೆಂ.ಮೀ. ಆಗುತ್ತದೆ. ಭಾಗಗಳು ಸೊಗಸಾಗಿ ಹೊಂದುತ್ತವೆ, ಆದರೆ ಹಲವಕ್ಕೆ ಎಂಜಿನ್ನೇ ಇರುವುದಿಲ್ಲ. ಅಮೆರಿಕದ ಎಎಂಟಿ ಕಂಪನಿಯವು ಬಹುತೇಕ 1/25. ಎಂಜಿನ್ ಸಾಮಾನ್ಯವಾಗಿ ಇರುತ್ತದೆ, ಹಳೆಯ ಅಚ್ಚಿನವಾದರೆ ಅಂಚು ಉಜ್ಜುವ ಕೆಲಸವೂ ಜೊತೆಗೇ ಬರುತ್ತದೆ. ನನ್ನ ಮತ ತಾಮಿಯಾಗೆ. ಬಾನೆಟ್ ಎತ್ತಿ ನೋಡುವ ಹುಚ್ಚಿರುವ ಮಕ್ಕಳಿದ್ದರೆ ಮಾತ್ರ ಎಎಂಟಿ.

ಅಂದಹಾಗೆ, ಬಾಗಿಲಿನ ಗೆರೆಗಳಲ್ಲಿ ತೆಳುವಾದ ಕಪ್ಪು ಬಣ್ಣ ಹರಿಸಿ, ಹೆಚ್ಚಾದದ್ದನ್ನು ಒರೆಸಿಬಿಡಿ. ಸ್ನ್ಯಾಪ್ ಕಾರಿಗೂ ಇದರಿಂದ ಕಳೆ ಬರುತ್ತದೆ.