ವಿಂಡೋಸ್ ಜೊತೆ ಉಬುಂಟು: ಯಾವ ದಾರಿ?

ಒಂದೇ ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ ಮತ್ತು ಉಬುಂಟು (ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್) ಎರಡೂ ಬೇಕು, ಡ್ಯುಯಲ್ ಬೂಟ್ (ಎರಡನ್ನೂ ಡಿಸ್ಕ್‌ಗೆ ಹಾಕಿ, ಆನ್ ಮಾಡುವಾಗ ಒಂದನ್ನು ಆರಿಸಿಕೊಳ್ಳುವುದು) ಮಾಡಲಾ, ವರ್ಚುವಲ್ ಮಷೀನ್ (ವಿಂಡೋಸ್ ಒಳಗೇ ಓಡುವ ನಕಲಿ ಕಂಪ್ಯೂಟರ್) ಹಾಕಲಾ, ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಮೈಕ್ರೋಸಾಫ್ಟ್ ಸೌಲಭ್ಯ) ಸಾಕಾ ಅಂತ ಕೇಳಿದ್ದೀರಿ. ಖರ್ಚಿನ ಚಿಂತೆ ಬೇಡ. ಉಬುಂಟು, ವರ್ಚುವಲ್ ಮಷೀನ್ ಮಾಡುವ ವರ್ಚುವಲ್‌ಬಾಕ್ಸ್ ತಂತ್ರಾಂಶ, ಡಬ್ಲ್ಯುಎಸ್‌ಎಲ್ ಮೂರೂ ಉಚಿತ.

ವೇಗದಲ್ಲಿ ಡ್ಯುಯಲ್ ಬೂಟ್ ಮುಂದೆ. ಇಡೀ ರ‍್ಯಾಮ್, ಗ್ರಾಫಿಕ್ಸ್ ಒಂದೇ ಸಿಸ್ಟಮ್‌ಗೆ ಸಿಗುತ್ತದೆ. ವರ್ಚುವಲ್ ಮಷೀನ್‌ನಲ್ಲಿ 8 ಜಿಬಿ ರ‍್ಯಾಮ್ ಹಂಚಿಹೋಗಿ ಎರಡೂ ತೆವಳುತ್ತವೆ. 16 ಜಿಬಿ ಇದ್ದರೆ ಆರಾಮ.

ಆದರೆ ಅಪಾಯ ಜಾಸ್ತಿ ಇರುವುದೂ ಡ್ಯುಯಲ್ ಬೂಟ್‌ನಲ್ಲೇ. ಡಿಸ್ಕ್ ಪಾರ್ಟಿಷನ್ ಮಾಡುವಾಗ, ಅಂದರೆ ಭಾಗ ಮಾಡುವಾಗ, ಒಂದು ತಪ್ಪು ಕ್ಲಿಕ್ ಸಾಕು, ವರ್ಷಗಳ ಫೋಟೋ ಹೋಗಿಬಿಡುತ್ತವೆ. ದಯವಿಟ್ಟು ಮೊದಲು ಬ್ಯಾಕಪ್ ತೆಗೆಯಿರಿ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಇದ್ದರೆ ಅದರ 48 ಅಂಕಿಯ ರಿಕವರಿ ಕೀ ಬೇರೆ ಕಡೆ ಬರೆದಿಡಿ. ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ (ಬೇಗ ಆನ್ ಆಗುವ ಸೆಟ್ಟಿಂಗ್) ಆಫ್ ಮಾಡಿ. ಉಬುಂಟುಗೆ ಕನಿಷ್ಠ 25 ಜಿಬಿ ಜಾಗ ಬಿಡಿ, 50 ಇದ್ದರೆ ನೆಮ್ಮದಿ. ವರ್ಚುವಲ್ ಮಷೀನ್ ಕೆಟ್ಟರೆ ಅಳಿಸಿ ಹೊಸದು ಮಾಡಿಕೊಳ್ಳಬಹುದು, ಅಷ್ಟೇ ಅಲ್ವಾ?

ಕಾಲೇಜಿನ ಲಿನಕ್ಸ್ ಕಮಾಂಡ್, ಪೈಥಾನ್ ಕಲಿಯಲು ಡಬ್ಲ್ಯುಎಸ್‌ಎಲ್ ಸಾಕು. ವಿಂಡೋಸ್ ಒಳಗೇ ಟರ್ಮಿನಲ್ ತೆರೆಯುತ್ತದೆ, ರೀಸ್ಟಾರ್ಟ್ ಮಾಡುತ್ತಾ ಕೂರಬೇಕಿಲ್ಲ. ಉಬುಂಟು ಡೆಸ್ಕ್‌ಟಾಪ್ ಹೇಗಿದೆ ನೋಡಬೇಕಾದರೆ ವರ್ಚುವಲ್ ಮಷೀನ್. ದಿನಪೂರ್ತಿ ಉಬುಂಟುವಿನಲ್ಲೇ ಕೆಲಸ, ವಿಂಡೋಸ್ ಗೇಮ್‌ಗೆ ಮಾತ್ರ ಅನ್ನುವವರಿಗೆ ಡ್ಯುಯಲ್ ಬೂಟ್ ಪಡುವ ಕಷ್ಟ ಸಾರ್ಥಕ.