“ವೆರಿಫಿಕೇಷನ್ ಆಗಿದೆ” ಎಂದರೆ ಅಲ್ಲಿಗೇ ಸುಮ್ಮನಾಗಬೇಡಿ

ಮಕ್ಕಳನ್ನು ಈಜು, ಡ್ಯಾನ್ಸ್, ಡ್ರಾಯಿಂಗ್ ಅಂತ ಕ್ಲಾಸಿಗೆ ಕಳಿಸುವವರು ದಯವಿಟ್ಟು ಇದನ್ನು ಓದಿ.

ನನ್ನ ಮಗಳನ್ನು ಈಜು ಕಲಿಯಲು ಸೇರಿಸುವಾಗ ಕೋಚ್‌ಗಳ ಬಗ್ಗೆ ಕೇಳಿದ್ದೆ. “ಎಲ್ಲರದ್ದೂ ಪೊಲೀಸ್ ವೆರಿಫಿಕೇಷನ್ ಆಗಿದೆ ಮೇಡಂ, ಫೈಲ್ ಇದೆ” ಎಂದರು. ಕೆಲವು ತಿಂಗಳ ನಂತರ ಒಬ್ಬ ಕೋಚ್ ರಾತ್ರಿ ಹೊತ್ತು ಒಂದು ಮಗುವಿಗೆ ಮೆಸೇಜ್ ಮಾಡುತ್ತಿದ್ದದ್ದು ಗೊತ್ತಾಯಿತು. “ಅಮ್ಮನಿಗೆ ಹೇಳಬೇಡ, ಇದು ನಮ್ಮಿಬ್ಬರ ಗುಟ್ಟು” ಎಂದು ಅದರಲ್ಲಿತ್ತು. ಓದಿ ಕೈಕಾಲು ತಣ್ಣಗಾಯಿತು. ಮನೆಯವರು ದೂರು ಕೊಟ್ಟಿದ್ದಾರೆ. ಆ ಮಗುವಿನ ಗುರುತು ಸಿಗಬಾರದು, ಹಾಗಾಗಿ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ನಾನು ಹೇಳಬೇಕಿರುವುದು ಆ ಫೈಲಿನ ಬಗ್ಗೆ. ಪೋಷಕರೆಲ್ಲ ಹಠ ಹಿಡಿದು ಅದನ್ನು ತೆಗೆಸಿದೆವು. ಒಳಗಿದ್ದದ್ದು ಆ ಕೋಚ್‌ನ ಪೊಲೀಸ್ ಪ್ರಮಾಣಪತ್ರದ ಮಸುಕಾದ ಒಂದು ಜೆರಾಕ್ಸ್. ದಿನಾಂಕ ನೋಡಿದರೆ ಅವನ ಹಿಂದಿನ ಕೆಲಸಕ್ಕಿಂತಲೂ ಹಳೆಯದು. ಅದರಲ್ಲಿ ಒಂದು ಇನಿಷಿಯಲ್, ಗುರುತಿನ ಚೀಟಿಯಲ್ಲಿ ಇನ್ನೊಂದು. ತಂದುಕೊಟ್ಟವನೂ ಅವನೇ. ಅಸಲಿಯೋ ಅಲ್ಲವೋ ಎಂದು ಯಾರೂ ವಿಚಾರಿಸಿರಲಿಲ್ಲ.

ಅವನು ಹಿಂದೆ ಕೆಲಸ ಮಾಡಿದ ಜಾಗಕ್ಕೆ ನಾವೇ ಫೋನ್ ಮಾಡಿದೆವು. ಅಲ್ಲೂ ದೂರು ಬಂದಿತ್ತಂತೆ. ಹೆಸರು ಕೆಡುತ್ತದೆ ಎಂದು ಪೊಲೀಸರಿಗೆ ತಿಳಿಸದೆ, ರಾಜೀನಾಮೆ ಬರೆಸಿಕೊಂಡು ಕಳಿಸಿಬಿಟ್ಟಿದ್ದರು. ನನಗೆ ಅವರ ಮೇಲೇ ಜಾಸ್ತಿ ಸಿಟ್ಟು. ಕೇಸೇ ಆಗಿಲ್ಲ ಅಂದಮೇಲೆ ಯಾವ ದಾಖಲೆಯಲ್ಲಿ ಏನು ಸಿಗುತ್ತದೆ, ಹೇಳಿ?

ಇದು ಹೊಸದೇನಲ್ಲ. ಇಂಗ್ಲೆಂಡಿನ ಸೋಹಮ್‌ನಲ್ಲಿ 2002ರಲ್ಲಿ ಹತ್ತು ವರ್ಷದ ಇಬ್ಬರು ಹುಡುಗಿಯರನ್ನು ಕೊಂದವನು ಆ ಊರಿನ ಒಂದು ಶಾಲೆಯ ಕೇರ್‌ಟೇಕರ್. ಕೆಲಸಕ್ಕೆ ಸೇರಿಸಿಕೊಳ್ಳುವಾಗ ಅವನ ಹಿನ್ನೆಲೆಯನ್ನೂ ಪರಿಶೀಲಿಸಿದ್ದರು! ಆದರೆ ಅವನು ಎರಡು ಹೆಸರು ಬಳಸುತ್ತಿದ್ದ, ಪೊಲೀಸರು ಹುಡುಕಿದ್ದು ಒಂದರಲ್ಲಿ ಮಾತ್ರ. ಬೇರೆ ಕಡೆಯ ಪೊಲೀಸರಿಗೆ ಅವನ ಮೇಲೆ ಹಲವು ಲೈಂಗಿಕ ಆರೋಪಗಳು ಬಂದಿದ್ದವು, ಯಾವುದರಲ್ಲೂ ಶಿಕ್ಷೆಯಾಗಿರಲಿಲ್ಲ. ಇದೆಲ್ಲ ಆ ಪ್ರಕರಣದ ಬಗ್ಗೆ ನಡೆದ ಬಿಚರ್ಡ್ ವಿಚಾರಣೆಯ 2004ರ ವರದಿಯಲ್ಲಿದೆ.

ಅಂದರೆ ಆ ಕಾಗದ ಹೇಳುವುದು ಇಷ್ಟೇ: ಈ ಹೆಸರಿನಲ್ಲಿ, ನಾವು ನೋಡಿದ ದಾಖಲೆಯಲ್ಲಿ, ಈ ದಿನದವರೆಗೆ ಏನೂ ಸಿಕ್ಕಿಲ್ಲ. ಮರುದಿನ ಕೇಸು ಬಿದ್ದರೂ ನಿಮ್ಮ ಫೈಲಿನಲ್ಲಿರುವ ಕಾಗದ ಹಾಗೇ ಇರುತ್ತದೆ.

ಅದಕ್ಕೇ ಕೇಳಿ. ಪ್ರಮಾಣಪತ್ರ ಯಾವ ತಾರೀಖಿನದು? ನೇರವಾಗಿ ಕಚೇರಿಯಿಂದ ಬಂತೋ, ಅವರೇ ತಂದದ್ದೋ? ಹಳೇ ಹೆಸರು, ಮೊದಲು ಇದ್ದ ಊರು ಎಲ್ಲ ಸೇರಿಸಿ ನೋಡಿದ್ದಾರಾ? ಹಿಂದಿನ ಕೆಲಸ ಯಾಕೆ ಬಿಟ್ಟರು ಎಂದು ಅಲ್ಲಿಯವರ ಹತ್ತಿರ ಮಾತಾಡಿದ್ದು ಯಾರು? ಕೆಲಸವಿಲ್ಲದೆ ಇದ್ದ ವರ್ಷಗಳಿದ್ದರೆ ಆಗ ಏನು ಮಾಡುತ್ತಿದ್ದರು? ವ್ಯಾನ್ ಡ್ರೈವರ್, ಬಟ್ಟೆ ಬದಲಿಸುವ ಕೋಣೆ ಗುಡಿಸುವವರು, ಸಂಬಳವಿಲ್ಲದೆ ಸಹಾಯಕ್ಕೆ ಬರುವವರು, ಇವರನ್ನೆಲ್ಲ ಎಲ್ಲರೂ ಮರೆತೇಬಿಡುತ್ತಾರೆ.

ಇನ್ನೊಂದು ಮಾತು. ಎಷ್ಟೇ ಪರಿಶೀಲನೆಯಾಗಿರಲಿ, ಯಾವ ದೊಡ್ಡವರೂ ಮಗುವಿನ ಜೊತೆ ಬಾಗಿಲು ಹಾಕಿಕೊಂಡು ಒಬ್ಬರೇ ಇರಬಾರದು, ಮೆಸೇಜ್ ಏನಿದ್ದರೂ ಪೋಷಕರ ಫೋನಿಗೇ ಬರಬೇಕು ಎಂಬ ನಿಯಮ ಅಲ್ಲಿ ಇದೆಯಾ ನೋಡಿ. “ಇದನ್ನೆಲ್ಲ ಯಾರೂ ಕೇಳಲ್ಲ ಮೇಡಂ” ಎಂದರೆ, ಫೀಸು ಕಟ್ಟದೆ ವಾಪಸ್ ಬನ್ನಿ.