ಪ್ರೊಫೈಲ್ ಪುಟಕ್ಕೆ ಹೊಸ ವಿನ್ಯಾಸ ಬಂದಿದ್ದರೆ, ಲಾಗ್‌ಔಟ್ ಆಗಿ ಒಮ್ಮೆ ನೋಡಿ

ಅನುವಾದಕರು, ಕರಡು ತಿದ್ದುವವರು ಮತ್ತು ಚಿತ್ರಕಾರರು ತಮ್ಮ ಕೆಲಸದ ಮಾದರಿಗಳನ್ನಿರಿಸಿ ಗ್ರಾಹಕರನ್ನು ಹುಡುಕಿಕೊಳ್ಳುವ ಜಾಲತಾಣವೊಂದರಲ್ಲಿ ಏಳು ವರ್ಷಗಳಿಂದ ನನ್ನದೊಂದು ಪ್ರೊಫೈಲ್ ಪುಟವಿದೆ. ಕಳೆದ ಮಳೆಗಾಲದಲ್ಲಿ ಆ ತಾಣವು ಎಲ್ಲ ಸದಸ್ಯರ ಪುಟಗಳ ವಿನ್ಯಾಸವನ್ನು ಒಂದೇ ರಾತ್ರಿಯಲ್ಲಿ ಬದಲಿಸಿತು. ಮರುದಿನ ಲಾಗಿನ್ ಆದಾಗ ‘ಹೊಸ ನೋಟಕ್ಕೆ ಸ್ವಾಗತ’ ಎಂಬ ಫಲಕವೂ ಅದರ ಕೆಳಗೆ ‘ಸರಿ’ ಎಂಬ ಒಂದೇ ಒಂದು ಗುಂಡಿಯೂ ಕಂಡವು. ಕೆಲಸದ ಗಡಿಬಿಡಿಯಲ್ಲಿ ನಾನು ಅದನ್ನು ಒತ್ತಿದೆ. ತಾಣದ ಹೆಸರು ಇಲ್ಲಿ ಬೇಡ. ಇಂಥ ಪುಟಗಳುಳ್ಳವರೆಲ್ಲರೂ ತಮ್ಮದನ್ನು ಒಮ್ಮೆ ತೆರೆದು ನೋಡಲಿ ಎಂಬುದಷ್ಟೇ ಈ ಬರಹದ ಉದ್ದೇಶ.

ಹಳೆಯ ಪುಟದಲ್ಲಿ ಪ್ರತಿಯೊಂದು ವಿವರಕ್ಕೂ ಮೂರು ಆಯ್ಕೆಗಳಿದ್ದವು: ಎಲ್ಲರಿಗೂ, ಸದಸ್ಯರಿಗೆ, ಕೆಲಸ ಒಪ್ಪಿಸಿದ ಗ್ರಾಹಕರಿಗೆ ಮಾತ್ರ. ನನ್ನ ಮೊಬೈಲ್ ಸಂಖ್ಯೆ ಮತ್ತು ಹುಟ್ಟಿದ ದಿನಾಂಕಗಳನ್ನು ನಾನು ಮೂರನೆಯ ಆಯ್ಕೆಯಲ್ಲಿ ಇಟ್ಟಿದ್ದೆ. ಹೊಸ ವಿನ್ಯಾಸದಲ್ಲಿ ಈ ಮೂರನ್ನೂ ಕಿತ್ತುಹಾಕಿ, ಇಡೀ ಪುಟಕ್ಕೆ ‘ಬಹಿರಂಗ’ ಅಥವಾ ‘ಗುಪ್ತ’ ಎಂಬ ಒಂದೇ ಸ್ವಿಚ್ಚನ್ನು ಕೊಟ್ಟಿದ್ದರು. ಕೆಲಸದ ಮಾದರಿಗಳನ್ನು ಎಲ್ಲರಿಗೂ ತೋರಿಸುತ್ತಿದ್ದ ಕಾರಣಕ್ಕೆ ನನ್ನ ಪುಟವನ್ನು ತಾವಾಗಿಯೇ ಬಹಿರಂಗದ ಕಡೆಗೆ ಸೇರಿಸಿದ್ದರು. ಫೋನ್ ಸಂಖ್ಯೆ, ಊರು, ಹುಟ್ಟುಹಬ್ಬ ಮತ್ತು ಹಿಂದಿನ ಗ್ರಾಹಕರ ಹೆಸರುಗಳು ‘ನನ್ನ ಬಗ್ಗೆ’ ಎಂಬ ಪೆಟ್ಟಿಗೆಯಲ್ಲಿ ಒಟ್ಟಾಗಿ ಕುಳಿತವು. ಪೆಟ್ಟಿಗೆ ನೋಡಲು ಅಚ್ಚುಕಟ್ಟಾಗಿಯೇ ಇತ್ತು, ಮೋಸಗಾರನಿಗೂ ಅಷ್ಟೇ ಅನುಕೂಲವಾಗಿತ್ತು.

ನಾಲ್ಕನೆಯ ದಿನ ಒಬ್ಬ ಕರೆ ಮಾಡಿದ. ತಾನು ಆ ತಾಣದ ಪಾವತಿ ವಿಭಾಗದವನೆಂದು ಹೇಳಿ, ನನ್ನ ಕೊನೆಯ ಗ್ರಾಹಕರ ಹೆಸರನ್ನೂ ಹುಟ್ಟಿದ ದಿನಾಂಕವನ್ನೂ ತಪ್ಪಿಲ್ಲದೆ ಒಪ್ಪಿಸಿ, ಬಾಕಿ ಹಣ ಬಿಡುಗಡೆಯಾಗಬೇಕಾದರೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಬೇಕೆಂದ. ಗ್ರಾಹಕರಿಗೆ ಮಾತ್ರ ಗೊತ್ತಿರುವ ವಿವರಗಳು ಇವನಿಗೂ ಗೊತ್ತಿವೆಯೆಂದರೆ ತಾಣದವನೇ ಇರಬೇಕೆಂದು ನಂಬಿದೆ. ಯುಪಿಐ ಪಿನ್ ಬೇಕಾಗುವುದು ಹಣ ಕೊಡಲೇ ಹೊರತು ಪಡೆಯಲಲ್ಲ ಎಂಬುದನ್ನು ಅತ್ತೆಗೆ ಹತ್ತು ಬಾರಿ ಹೇಳಿಕೊಟ್ಟಿದ್ದ ನಾನೇ ಆ ಹೊತ್ತಿನಲ್ಲಿ ಪಿನ್ ಒತ್ತಿದೆ. 9,200 ರೂಪಾಯಿ ಹೋಯಿತು. ತಕ್ಷಣ 1930 ಸಹಾಯವಾಣಿಗೆ ದೂರು ಕೊಟ್ಟೆನಾದರೂ ಹಣ ಇನ್ನೂ ಮರಳಿಲ್ಲ.

ಪಿನ್ ಒತ್ತಿದ ತಪ್ಪು ನನ್ನದು, ಅದನ್ನು ವಿನ್ಯಾಸದ ಮೇಲೆ ಹೊರಿಸುವುದಿಲ್ಲ. ಆದರೆ ನನ್ನ ಪುಟ ಬೇರೆಯವರಿಗೆ ಹೇಗೆ ಕಾಣುತ್ತಿದೆ ಎಂಬುದು ನಾಲ್ಕು ದಿನ ನನಗೇ ತಿಳಿಯದಂತೆ ಮಾಡಿದ್ದು ಆ ವಿನ್ಯಾಸವೇ. ಲಾಗಿನ್ ಆಗಿದ್ದಾಗ ನಮ್ಮ ಪುಟದಲ್ಲಿ ನಮ್ಮ ಸಂಖ್ಯೆ ಕಂಡರೆ, ನಮ್ಮದಾದ್ದರಿಂದ ನಮಗೆ ಕಾಣುತ್ತಿದೆಯೆಂದೇ ಯಾರಾದರೂ ಭಾವಿಸುತ್ತಾರೆ. ಹಿಂದೆ ‘ಇತರರಿಗೆ ಹೀಗೆ ಕಾಣುತ್ತದೆ’ ಎಂಬ ಗುಂಡಿಯೊಂದಿತ್ತು. ಪುಟವನ್ನು ಸರಳಗೊಳಿಸುವ ಹೆಸರಿನಲ್ಲಿ ಮೊದಲು ತೆಗೆದುಹಾಕಿದ್ದು ಅದನ್ನೇ. ಗುಂಡಿ ಇದ್ದರೂ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಬ್ರೌಸರಿನ ಖಾಸಗಿ ಕಿಟಕಿಯಲ್ಲಿ, ಲಾಗಿನ್ ಆಗದೆ, ನಿಮ್ಮ ಪುಟದ ವಿಳಾಸವನ್ನು ತೆರೆಯಿರಿ. ಅಪರಿಚಿತರಿಗೆ ಕಾಣುವುದು ಅಲ್ಲಿ ಕಂಡಷ್ಟು. ಬಳಿಕ ಸದಸ್ಯನಾಗಿರುವ ಗೆಳೆಯರೊಬ್ಬರ ಫೋನಿನಲ್ಲಿಯೂ ನೋಡಿ, ಏಕೆಂದರೆ ಸದಸ್ಯರಿಗೆ ಕಾಣುವುದು ಇನ್ನೂ ಹೆಚ್ಚಿರಬಹುದು.

ದೊಡ್ಡ ಸಂಸ್ಥೆಗಳೂ ಇದೇ ಹಳ್ಳಕ್ಕೆ ಬಿದ್ದಿವೆ. 2009ರ ಡಿಸೆಂಬರ್‌ನಲ್ಲಿ ಫೇಸ್‌ಬುಕ್ ತನ್ನ ಖಾಸಗಿತನದ ಆಯ್ಕೆಗಳನ್ನು ಬದಲಿಸಿದಾಗ, ಬಳಕೆದಾರರು ಅಡಗಿಸಿಟ್ಟಿದ್ದ ಸ್ನೇಹಿತರ ಪಟ್ಟಿಯಂಥ ವಿವರಗಳು ಬಹಿರಂಗವಾದವು. ಎರಡೇ ತಿಂಗಳಲ್ಲಿ, 2010ರ ಫೆಬ್ರುವರಿಯಲ್ಲಿ, ಗೂಗಲ್ ಬಝ್ ಎಂಬ ಸೇವೆ ಜಿಮೇಲ್‌ನೊಳಗೆ ಬಂತು. ನಾವು ಯಾರೊಂದಿಗೆ ಹೆಚ್ಚು ಪತ್ರವ್ಯವಹಾರ ನಡೆಸುತ್ತೇವೆಯೋ ಅವರ ಪಟ್ಟಿ ನಮ್ಮ ಪ್ರೊಫೈಲ್‌ನಲ್ಲಿ ಎಲ್ಲರಿಗೂ ಕಾಣುವಂತಾಯಿತು. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2011ರಲ್ಲಿ ಎರಡೂ ಕಂಪನಿಗಳನ್ನು ರಾಜಿ ಒಪ್ಪಂದಕ್ಕೆ ತಂದು, 20 ವರ್ಷಗಳವರೆಗೆ ಎರಡು ವರ್ಷಕ್ಕೊಮ್ಮೆ ಹೊರಗಿನವರಿಂದ ತಪಾಸಣೆಯಾಗಬೇಕೆಂದು ವಿಧಿಸಿತು. ಎರಡೂ ಕಡೆ ಒಂದು ಉದ್ದೇಶಕ್ಕಾಗಿ ಕೊಟ್ಟಿದ್ದ ವಿವರವು ಮತ್ತೊಂದಕ್ಕೆ ಬಳಕೆಯಾಗಿತ್ತು, ಬಳಕೆದಾರನ ಮೌನವೇ ಒಪ್ಪಿಗೆಯೆಂದು ಗಣನೆಯಾಗಿತ್ತು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಒಪ್ಪಿಗೆಯು ನಿರ್ದಿಷ್ಟವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳುವಂತಿರಬೇಕು ಎನ್ನುತ್ತದೆ. ನಾನು ಒತ್ತಿದ ‘ಸರಿ’ ಅಂಥ ಒಪ್ಪಿಗೆಯಲ್ಲ ಎಂದು ತಾಣಕ್ಕೆ ಬರೆದೆ. ಹನ್ನೊಂದು ದಿನಗಳ ಬಳಿಕ, ಅಭಿಪ್ರಾಯ ಹಂಚಿಕೊಂಡದ್ದಕ್ಕೆ ಧನ್ಯವಾದಗಳು ಎಂಬ ಉತ್ತರ ಬಂತು.

ಬಣ್ಣ, ಅಂಚು, ದೊಡ್ಡ ಮುಖಚಿತ್ರ ಇವುಗಳ ಬಗ್ಗೆ ನನಗೆ ತಕರಾರಿಲ್ಲ. ಕನ್ನಡದ ಹೆಸರುಗಳಿಗೆ ಆದ ಗತಿಯನ್ನು ಮಾತ್ರ ಹೇಳದೆ ಇರಲಾರೆ. ಹೊಸ ಪುಟದಲ್ಲಿ ತೋರಿಸುವ ಹೆಸರಿಗೆ 16ರ ಮಿತಿಯಿದೆ, ಆದರೆ ಅದು ಎಣಿಸುವುದು ಕಣ್ಣಿಗೆ ಕಾಣುವ ಅಕ್ಷರಗಳನ್ನಲ್ಲ, ಕಂಪ್ಯೂಟರಿನಲ್ಲಿ ಪ್ರತಿ ಬಿಡಿ ಚಿಹ್ನೆಗೂ ಇರುವ ಯುನಿಕೋಡ್ ಸಂಕೇತಗಳನ್ನು. ‘ಕೃಷ್ಣಮೂರ್ತಿ’ ನಮಗೆ ನಾಲ್ಕು ಅಕ್ಷರ; ವಟ್ರಸುಳಿ, ಗುಣಿತ, ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆ ಎಲ್ಲವನ್ನೂ ಬಿಡಿಯಾಗಿ ಎಣಿಸುವ ಯಂತ್ರಕ್ಕೆ ಹನ್ನೊಂದು. ಹೀಗಾಗಿ ‘ಕೃಷ್ಣಮೂರ್ತಿ ಹೆಗಡೆ’ ಎಂದು ಬರೆದುಕೊಂಡವರು ‘ಕೃಷ್ಣಮೂರ್ತಿ ಹೆಗಡ’ ಆಗಿಬಿಡುತ್ತಾರೆ. ಸಾಲಿನ ಎತ್ತರವನ್ನು ಇಂಗ್ಲಿಷ್ ಲಿಪಿಗೆ ಅಳೆದು ಇಟ್ಟಿರುವುದರಿಂದ ಕೆಳಗಿನ ಒತ್ತಕ್ಷರ ಕತ್ತರಿಸಿಹೋಗಿ ಅಕ್ಕಮ್ಮ ಅಕಮ ಆಗುತ್ತಾಳೆ. ಮುಖಚಿತ್ರವಿಲ್ಲದವರ ವೃತ್ತದಲ್ಲಿ ಹೆಸರಿನ ಮೊದಲ ಸಂಕೇತವನ್ನಷ್ಟೇ ತೋರಿಸುವುದರಿಂದ ಶ್ರೀಧರನ ‘ಶ್ರೀ’ ಬರಿಯ ‘ಶ’ ಆಗುತ್ತದೆ. ಕನ್ನಡ ಅನುವಾದಕರ ಪುಟದ ನೆತ್ತಿಯ ಮೇಲೆ ಅವರ ಹೆಸರೇ ತಪ್ಪಾಗಿ ಕಂಡರೆ ಯಾವ ಗ್ರಾಹಕ ಕೆಲಸ ಕೊಟ್ಟಾನು?

ನಾನೀಗ ಆ ಪುಟದಿಂದ ಫೋನ್ ಸಂಖ್ಯೆಯನ್ನೂ ಹುಟ್ಟಿದ ದಿನಾಂಕವನ್ನೂ ಪೂರ್ತಿ ಅಳಿಸಿದ್ದೇನೆ. ‘ಗುಪ್ತ’ ಎಂದು ಒತ್ತಿ ಸುಮ್ಮನಾಗಬೇಡಿ, ಮುಂದಿನ ವಿನ್ಯಾಸ ಬಂದಾಗ ಆ ಸ್ವಿಚ್ಚಿಗೂ ಇದೇ ಗತಿಯಾಗಬಹುದು. ಅಳಿಸುವ ಮುನ್ನ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ದೂರು ಕೊಡುವಾಗ ಅದು ಬೇಕಾಗುತ್ತದೆ. ಅಳಿಸಿದ ಮೇಲೆಯೂ ಗೂಗಲ್ ಹುಡುಕಾಟದಲ್ಲಿ ನನ್ನ ಹಳೆಯ ವಿವರ ಕೆಲವು ದಿನ ಕಾಣುತ್ತಲೇ ಇತ್ತು. ಹಳತಾದ ಮಾಹಿತಿಯನ್ನು ತೆಗೆಯಿಸಲು ಅವರದೇ ಒಂದು ಕೋರಿಕೆಯ ಪುಟವಿದೆ, ಅದರ ಮೂಲಕ ತೆಗೆಯಿಸಿದೆ. ಬ್ಯಾಂಕಿಗೂ ಆಧಾರ್‌ಗೂ ಜೋಡಣೆಯಾಗಿರುವ ಆ ಸಂಖ್ಯೆಯನ್ನು ಬದಲಿಸುವುದು ಸುಲಭವಲ್ಲವಾದ್ದರಿಂದ, ಇಂಥ ತಾಣಗಳಿಗೆಂದೇ ಬೇರೊಂದು ಸಿಮ್ ಕೊಂಡಿದ್ದೇನೆ. ಹಳೆಯ ಸಂಖ್ಯೆಗೆ ವಾರಕ್ಕೆ ಮೂರು ನಾಲ್ಕು ಅಪರಿಚಿತ ಕರೆಗಳು ಈಗಲೂ ಬರುತ್ತಿವೆ.